ಒಂಬತ್ತನೇ ಚಿತ್ರದ ಎಡಗೈಯವನು

“ಒಂದೇ ಕಾಲಿನ ಚಪ್ಪಲಿ ಯಾಕೆ ಬಿಟ್ಟೆ ತಮ್ಮಾ? ಬಿಡೋದಾದ್ರೆ ಎರಡೂ ಬಿಡು.”

ಅಚ್ಚಿನ ಮನೆ ನಡೆಸುವ ಅಚ್ಚಿನಮ್ಮ ನನ್ನ ಕಾಲನ್ನೇ ನೋಡುತ್ತಿದ್ದರು. ನಾನು ಒಂದು ಕೈಯಲ್ಲಿ ಮೊಳೆ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು ಗೋಡೆಯ ಮುಂದೆ ನಿಂತಿದ್ದೆ. ಒದ್ದೆ ಕಾಗದ ಒಣಹಾಕುವ ಹಗ್ಗದ ಮೊಳೆ ಕಿತ್ತುಬಂದಿತ್ತು. ಇವತ್ತು ಚಿತ್ರ ನೋಡಬೇಕಾದರೆ ಮೊದಲು ಮೊಳೆ ಹೊಡಿ ಅಂತ ಅವರ ಕರಾರು.

“ತಾತನ ಅಭ್ಯಾಸ ಅಕ್ಕ. ಸುತ್ತಿಗೆ ಹಿಡಿದ್ರೆ ಬಲಗಾಲು ಬರಿಗಾಲಾಗಿರಬೇಕು ಅನ್ನೋರು. ಕಲ್ಲು ಒಳಗೊಳಗೇ ಬಿರುಕು ಬಿಡೋಕೆ ಶುರುವಾದ್ರೆ ಮೊದಲು ಗೊತ್ತಾಗೋದು ಅಂಗಾಲಿಗಂತೆ, ಕಿವಿಗಲ್ಲ. ವಯಸ್ಸಾದ ಮೇಲೆ ಕ್ಯಾಲೆಂಡರ್ ಮೊಳೆ ಹೊಡೆಯೋವಾಗ್ಲೂ ಹಂಗೇ. ನೋಡಿ ನೋಡಿ ನನಗೂ ಅಂಟಿಕೊಂಡಿದೆ.”

“ಅವರೂ ಬಂಡೆಯಲ್ಲಿ ಕಲ್ಲು ಸೀಳೋರಾ?”

“ಈ ಊರಲ್ಲಿ ಯಾರ ತಾತ ಅಲ್ಲ ಹೇಳಿ! ಬಂಡೆ ಕುಸಿದ ಮೇಲೆ ಬಿಟ್ಟುಬಿಟ್ರು. ಆಮೇಲೆ ಸಾಯೋತನಕ ಬಡಗಿ ಕೆಲಸ. ಆ ಕಾಲದ್ದೊಂದು ಒಂಟಿ ಚಪ್ಪಲಿ ಮಾತ್ರ ಬಾಗಿಲ ಹಿಂದೆ ನೇತುಹಾಕಿದ್ರು. ನಮ್ಮಜ್ಜಿ ಅದನ್ನ ಬಿಸಾಡೋಕೆ ಹೋದ್ರೆ ಹೆಂಚು ಹಾರೋ ಹಂಗೆ ಕೂಗೋರು.”

ಅಚ್ಚಿನಮ್ಮ ನಕ್ಕರು. ನಾನು ಮೊಳೆ ಹೊಡೆದೆ, ಎರಡೇ ಏಟಿಗೆ ಕೂತಿತು. ಅವರು ಹಗ್ಗ ಎಳೆದು ನೋಡಿ, “ಪರವಾಗಿಲ್ಲ, ಪತ್ತೇದಾರಿ ಕೈಕೊಟ್ರೆ ಹೊಟ್ಟೆಪಾಡಿಗೆ ತೊಂದರೆ ಇಲ್ಲ” ಎಂದು ಭೂತಗನ್ನಡಿ ಕೈಗಿಟ್ಟರು.

ಆ ಅಚ್ಚಿನ ಮನೆಯಲ್ಲಿ ಮಸಿ ಮತ್ತು ಅಗಸೆ ಎಣ್ಣೆಯ ವಾಸನೆ. ನಡುವೆ ಕೈಯಿಂದ ತಿರುಗಿಸುವ ದೊಡ್ಡ ಯಂತ್ರ, ಅದರ ಚಕ್ರ ನನ್ನ ಎದೆ ಮಟ್ಟಕ್ಕೆ ಬರುತ್ತಿತ್ತು. ಗೋಡೆಗೆ ಅಚ್ಚಿನಮ್ಮನ ಮಾವ ಮಾಡಿದ ಹನ್ನೆರಡು ಚಿತ್ರಗಳು. ಎಲ್ಲವೂ ತಾಮ್ರದ ತಗಡಿನ ಮೇಲೆ ಗೀಚಿ, ಮಸಿ ತುಂಬಿ, ಕಾಗದಕ್ಕೆ ಒತ್ತಿದವು.

ನಾನು ಬಂದದ್ದು ಒಂಬತ್ತನೆಯದಕ್ಕೆ. ಎಪ್ಪತ್ತೈದು ವರ್ಷದ ಹಿಂದೆ ಬಂಡೆ ಕುಸಿದು ಎಂಟು ಜನ ಸತ್ತ ದಿನದ ಬೆಳಗಿನ ಚಿತ್ರ ಅದು. ಸತ್ತವರಲ್ಲಿ ಒಬ್ಬ ಎಡಚ. ಎಡಗೈಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದ ಕಾರಣಕ್ಕೆ ಬಂದ ಹೆಸರು. ಆಗ ಅವನ ಮಗಳಿಗೆ ಆರು ವರ್ಷ, ಈಗ ಎಂಬತ್ತೊಂದು. ಆ ಅಜ್ಜಿಯೇ ನನಗೆ ಈ ಕೆಲಸ ಒಪ್ಪಿಸಿದವರು.

ಸತ್ತವರ ನೆನಪಿಗೆ ಊರಿನವರು ಕಲ್ಲು ನಿಲ್ಲಿಸುತ್ತಿದ್ದರು. ಏಳು ಹೆಸರು ಕೆತ್ತಿ ಆಗಿತ್ತು. ಎಂಟನೆಯದು ಬೇಡ ಅಂತ ಸಮಿತಿಯ ತೀರ್ಮಾನ. ಬಂಡೆ ಬೀಳಿಸಿದವನೇ ಎಡಚ, ಕೊಂದವನ ಹೆಸರನ್ನು ಸತ್ತವರ ಜೊತೆ ಹೇಗೆ ಕೆತ್ತುವುದು ಅನ್ನುವುದು ಅವರ ಮಾತು. ಅದಕ್ಕೆ ಸಾಕ್ಷಿ ಇದೇ ಒಂಬತ್ತನೇ ಚಿತ್ರ. ಮಧ್ಯಾಹ್ನ ಶಿಲ್ಪಿ ಸಾಮಾನು ಕಟ್ಟಿಕೊಂಡು ಹೊರಡುತ್ತಾನೆ ಎಂದು ಸಮಿತಿಯ ಅಧ್ಯಕ್ಷರಾದ ಮೇಷ್ಟ್ರು ಹೇಳಿಕಳಿಸಿದ್ದರು.

ಚಿತ್ರದ ಮುಂದೆ ಮತ್ತೆ ಹೋಗಿ ನಿಂತೆ. ಬೇರೆ ಚಿತ್ರಗಾರರಾಗಿದ್ದರೆ ಬಂಡೆಯನ್ನು ದೂರದ ಬಿಳಿ ಚುಕ್ಕೆ ಮಾಡಿ, ಮುಂದೊಂದು ಮರ ನಿಲ್ಲಿಸಿ, ಮರದ ಕೆಳಗೆ ಎರಡು ಕುರಿ ಮೇಯಲು ಬಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಕೊಳ್ಳುವವರಿಗೆ ಬೇಕಾದದ್ದೂ ಅದೇ. ಈ ಪುಣ್ಯಾತ್ಮ ಮಾತ್ರ ಬಂಡೆಯ ಅಂಚಿಗೇ ಹೋಗಿ ಕೂತು, ಹೆಬ್ಬೆರಳ ಉಗುರಿನಷ್ಟು ಎತ್ತರದ ಮನುಷ್ಯರಿಗೂ ಬೆರಳು, ಗುಂಡಿ, ಮೀಸೆ ಬಿಡಿಸಿದ್ದ. ಅವನು ಇದ್ದ ದಿಕ್ಕಿಗೆ ಕೈಮುಗಿಯಬೇಕು ಅನ್ನಿಸಿತು.

ಬಂಡೆಯ ಒಂದು ಮುಖದಲ್ಲಿ ಉದ್ದಕ್ಕೆ ಬಿರುಕು. ಅದರ ಮೇಲೆ ಸುಣ್ಣದ ಗುರುತು. ಇಲ್ಲಿ ಕೈ ಹಾಕಬೇಡಿ ಅಂತ ಅದರ ಅರ್ಥ. ಆ ಕಾಲದಲ್ಲಿ ಕಲ್ಲು ಸೀಳುತ್ತಿದ್ದುದು ಸಿಡಿಮದ್ದಿನಿಂದಲ್ಲ, ಬೆಣೆಯಿಂದ. ಸಾಲಾಗಿ ಕುಳಿ ಕೊರೆದು, ಒಣಗಿದ ಮರದ ಬೆಣೆ ಹೊಡೆದು, ಮೇಲೆ ನೀರು ಹೊಯ್ದರೆ ಮರ ಉಬ್ಬಿ ಕಲ್ಲು ತಾನೇ ಸೀಳುತ್ತಿತ್ತು. ಬಿರುಕು ಬಿಟ್ಟ ಮುಖಕ್ಕೆ ಹಾಗೆ ಬೆಣೆ ಹೊಡೆದರೆ ಇಡೀ ಗೋಡೆಯೇ ಬರುತ್ತದೆ.

ಆ ಸುಣ್ಣದ ಗುರುತಿನ ಪಕ್ಕದಲ್ಲೇ ಒಬ್ಬ ಬೆಣೆ ಹೊಡೆಯುತ್ತಿದ್ದ. ಸುತ್ತಿಗೆ ಎಡಗೈಯಲ್ಲಿ. ಆಚೆ ಮೂಲೆಯ ಗಟ್ಟಿ ಮುಖದಲ್ಲಿ ಇನ್ನೊಬ್ಬ ಹೊಡೆಯುತ್ತಿದ್ದ. ಸುತ್ತಿಗೆ ಬಲಗೈಯಲ್ಲಿ. ಉಳಿದವರು ಕಲ್ಲು ಹೊರುವವರು, ಹಗ್ಗ ಎಳೆಯುವವರು. ನಡುವೆ ಕೋಟು ತೊಟ್ಟ ಮೇಸ್ತ್ರಿ.

ಮೂರು ದಿನದಿಂದ ಇದನ್ನೇ ನೋಡಿ ನೋಡಿ ಸಾಕಾಗಿತ್ತು. ಬೇಸರಕ್ಕೆ ಮೇಸ್ತ್ರಿಯ ಕೋಟು ನೋಡಿದೆ. ನಮ್ಮಮ್ಮ ದರ್ಜಿ. ಚಿಕ್ಕಂದಿನಲ್ಲಿ ನನ್ನನ್ನು ಆಟಕ್ಕೆ ಬಿಡದೆ ಗುಂಡಿ ಹೊಲಿಸುತ್ತಿದ್ದಳು, ನಾನು ಮುಖ ಊದಿಸಿಕೊಂಡು ಹೊಲಿಯುತ್ತಿದ್ದೆ. ಆ ಗುಂಡಿಗಳಿಗೆ ನಾನು ಎಷ್ಟು ಋಣಿ ಎಂದು ಅವತ್ತು ಗೊತ್ತಾಯಿತು.

“ಅಕ್ಕ, ಇಲ್ಲಿ ಬನ್ನಿ. ಮೇಸ್ತ್ರಿ ಕೋಟಿನ ಎದೆ ಜೇಬು ಯಾವ ಕಡೆ ಇದೆ?”

“ಬಲಗಡೆ.”

“ಮೂರನೇ ಚಿತ್ರದಲ್ಲಿ? ಏಳನೇದರಲ್ಲಿ?”

ಅವರು ಕನ್ನಡಕ ಏರಿಸಿಕೊಂಡು ಗೋಡೆಯುದ್ದಕ್ಕೂ ನಡೆದರು. ಮೇಸ್ತ್ರಿ ನಾಲ್ಕು ಚಿತ್ರಗಳಲ್ಲಿದ್ದ, ಅದೇ ಕೋಟು, ಜೇಬಿನಿಂದ ಇಳಿಬಿದ್ದ ಅದೇ ಗಡಿಯಾರದ ಸರಪಳಿ. ಮೂರು ಚಿತ್ರದಲ್ಲಿ ಜೇಬು ಎಡಕ್ಕೆ. ಒಂಬತ್ತರಲ್ಲಿ ಮಾತ್ರ ಬಲಕ್ಕೆ.

ಅಚ್ಚಿನಮ್ಮ ಸ್ಟೂಲಿನ ಮೇಲೆ ಕುಸಿದು ಕೂತರು. “ಅಯ್ಯೋ, ಕನ್ನಡಿ!” ಅಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ತಗಡಿನ ಮೇಲೆ ಇದ್ದದ್ದು ಕಾಗದದ ಮೇಲೆ ಎಡಬಲ ಅದಲುಬದಲಾಗಿ ಬೀಳುತ್ತದೆ. ಅದಕ್ಕೇ ಅವರ ಮಾವ ಬಂಡೆಗೆ ಬೆನ್ನು ಹಾಕಿ ಕೂತು, ಮುಂದೊಂದು ಕನ್ನಡಿ ಇಟ್ಟುಕೊಂಡು, ಕನ್ನಡಿಯಲ್ಲಿ ಕಂಡದ್ದನ್ನು ಗೀಚುತ್ತಿದ್ದರು. ಆಗ ಅಚ್ಚಿನಲ್ಲಿ ಎಲ್ಲ ಸರಿಯಾಗಿ ಬರುತ್ತಿತ್ತು.

“ಆದ್ರೆ ಒಂಬತ್ತನೇದನ್ನ ಮಾವ ಒಂದ್ಸಲಾನೂ ಅಚ್ಚು ಹಾಕಲಿಲ್ಲ ತಮ್ಮಾ. ಕುಸಿತ ಕಣ್ಣಾರೆ ಕಂಡೋರು, ಆ ತಗಡನ್ನ ಕಾಗದದಲ್ಲಿ ಸುತ್ತಿ ಪೆಟ್ಟಿಗೆ ತಳಕ್ಕೆ ಹಾಕಿಬಿಟ್ರು. ಅವರು ಹೋದ ಮೇಲೆ ನಾನೇ ತೆಗೆದು ಅಚ್ಚು ಹಾಕಿದ್ದು. ಉಳಿದ ಹನ್ನೊಂದರ ಹಾಗೇ ಇರಬೇಕು ಅಂದ್ಕೊಂಡೆ.”

ಪೆಟ್ಟಿಗೆ ಮಂಚದ ಕೆಳಗಿತ್ತು. ಸುತ್ತಿದ್ದ ಕಾಗದ ಮೇಣ ಮೆತ್ತಿಕೊಂಡು ತಳಕ್ಕೇ ಅಂಟಿತ್ತು. ಚಾಕುವಿನಿಂದ ಬಿಡಿಸಿ ಕಿಟಕಿ ಹತ್ತಿರ ಹಿಡಿದೆವು. ಪೆನ್ಸಿಲಿನಲ್ಲಿ ನಾಲ್ಕು ಸಾಲು ಇದ್ದವು.

‘ಕನ್ನಡಿಯ ಬಿಸಿಲು ಬೆಣೆ ಹೊಡೆಯುವವರ ಕಣ್ಣಿಗೆ ಬಡಿಯುತ್ತದೆಂದು ಮೇಸ್ತ್ರಿ ಬೈದ. ಒಳಗಿಟ್ಟೆ. ಎದುರಿಗೆ ತಿರುಗಿ ಕೂತು ನೇರವಾಗಿ ತಗಡಿಗೆ ಗೀಚಿದೆ. ಮನೆಗೆ ಹೋಗಿ ತಿದ್ದಿ ಇನ್ನೊಂದು ಮಾಡಬೇಕು.’

ಇನ್ನೊಂದನ್ನು ಅವರು ಮಾಡಲೇ ಇಲ್ಲ.

“ನನ್ನಿಂದ ತಪ್ಪಾಯ್ತು” ಎಂದು ಅಚ್ಚಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಮೂವತ್ತು ವರ್ಷ ಆ ಅಜ್ಜಿ ಅನುಭವಿಸಿದ್ದು ನನ್ನ ಅಚ್ಚಿನಿಂದ.”

“ನೀವು ಅಚ್ಚು ಹಾಕದೇ ಇದ್ದಿದ್ರೆ ಎಡಚ ನಿಂತಿದ್ದು ಎಲ್ಲಿ ಅಂತ ಯಾವತ್ತೂ ಗೊತ್ತಾಗ್ತಿರಲಿಲ್ಲ ಅಕ್ಕ. ನಿಮ್ಮ ಋಣ ದೊಡ್ಡದು. ಏಳಿ, ಹೊತ್ತಾಯ್ತು.”

ಅವರು ಪೆಟ್ಟಿಗೆಯಿಂದ ಇನ್ನೊಂದು ವಸ್ತು ತೆಗೆದರು. ಮರದ ಚೌಕಟ್ಟಿನ ಅಂಗೈಯಗಲದ ಕನ್ನಡಿ. ಅವತ್ತು ಬೈಸಿಕೊಂಡು ಒಳಗೆ ಹೋದದ್ದು ಅದೇ.

*

ವಾಚನಾಲಯದ ಅಂಗಳದಲ್ಲಿ ಕಲ್ಲು ನಿಂತಿತ್ತು. ಶಿಲ್ಪಿ ಅದರ ನೆರಳಲ್ಲಿ ಕೂತು ಉಳಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕುತ್ತಿದ್ದ. “ಸ್ವಲ್ಪ ತಡಿಯಪ್ಪ” ಅಂದೆ. “ತಡೆಯೋದೇ ಆಗಿದೆ” ಅಂದ.

ಒಳಗೆ ಉದ್ದನೆಯ ಮೇಜಿನ ಒಂದು ತುದಿಗೆ ಮೇಷ್ಟ್ರು, ಇನ್ನೊಂದು ತುದಿಗೆ ಅಜ್ಜಿ, ಮಡಿಲಲ್ಲಿ ಒಂದು ಬಟ್ಟೆ ಗಂಟು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಂಡೆಯ ಚರಿತ್ರೆ ಬರೆದವರು ಮೇಷ್ಟ್ರೇ. ಮೂವತ್ತು ವರ್ಷದ ಹಿಂದೆ ಆ ಪುಸ್ತಕ ಬರುವ ತನಕ ಎಡಚನ ಮೇಲಿದ್ದದ್ದು ಗುಸುಗುಸು. ಬಂದ ಮೇಲೆ ಅದು ಇತಿಹಾಸವಾಯಿತು.

ನನಗೆ ಲೆಕ್ಕ ಕಲಿಸಿದವರೂ ಅವರೇ.

“ಏನೋ ಕೊನೇ ಬೆಂಚು, ಬೆಟ್ಟ ಅಗೆದು ಇಲಿ ಹಿಡಿದ್ಯಾ?”

“ಇಲಿಯೋ ಹುಲಿಯೋ ನೀವೇ ಹೇಳಬೇಕು ಮೇಷ್ಟ್ರೇ.” ನಾನು ಒಂಬತ್ತನೇ ಚಿತ್ರ ಮೇಜಿನ ಮೇಲೆ ಹಾಸಿದೆ. ಪಕ್ಕದಲ್ಲಿ ಕನ್ನಡಿ ಇಟ್ಟೆ.

“ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ? ಎಡಗೈಯಲ್ಲಿ ಸುತ್ತಿಗೆ, ಸುಣ್ಣದ ಗುರುತಿನ ಪಕ್ಕ. ಹೆಣ ಸಿಕ್ಕಿದ್ದೂ ಅದೇ ಮುಖದ ಕೆಳಗೆ. ಇನ್ನೇನು ಬೇಕು?”

“ಈ ಹುಣ್ಣಿಗೆ ಕನ್ನಡಿ ಬೇಕು ಮೇಷ್ಟ್ರೇ. ಈ ಚಿತ್ರ ಎಡಬಲ ತಿರುಗಿದೆ.”

“ತಗಡು ಯಾವಾಗಲೂ ತಿರುಗೇ ಇರುತ್ತೆ ಕಣೋ, ಅಚ್ಚಿನಲ್ಲಿ ಸರಿಹೋಗುತ್ತೆ. ಇಷ್ಟೂ ಗೊತ್ತಿಲ್ಲದೆ ಪುಸ್ತಕ ಬರೆದೆ ಅಂದ್ಕೊಂಡ್ಯಾ?”

“ಹನ್ನೊಂದರಲ್ಲಿ ಹಂಗೇ. ಇದರಲ್ಲಿ ಮೇಸ್ತ್ರಿ ಕೋಟು ನೋಡಿ.”

ನೋಡಿದರು. “ಅವತ್ತು ಬೇರೆ ಕೋಟು ಹಾಕಿದ್ದಿರಬಹುದು.”

“ಜೇಬು ಬಲಕ್ಕೆ, ಗುಂಡಿ ಎಡಕ್ಕೆ ಇರೋ ಗಂಡಸರ ಕೋಟನ್ನ ಯಾವ ದರ್ಜಿ ಹೊಲಿದ ಮೇಷ್ಟ್ರೇ? ನಮ್ಮಮ್ಮನ ಹತ್ರ ಹೋಗಿದ್ರೆ ಅಳತೆ ಪಟ್ಟಿಯಲ್ಲೇ ಎರಡು ಬಿಗಿಯೋಳು.”

ಅಜ್ಜಿ ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. ಅಚ್ಚಿನಮ್ಮ ಮುಂದೆ ಬಂದು, ಮೇಣ ಮೆತ್ತಿದ ಕಾಗದವನ್ನು ಎರಡೂ ಕೈಯಲ್ಲಿ ಅವರ ಮುಂದಿಟ್ಟರು. “ನಮ್ಮ ಮಾವನ ಕೈಬರಹ. ನೀವು ಬಲ್ಲಿರಿ.”

ಅವರು ಮೂರು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಶಿಲ್ಪಿಯ ಉಳಿಗಳು ಚೀಲದೊಳಗೆ ಸದ್ದು ಮಾಡುತ್ತಿದ್ದವು.

“ನನಗೆ ಯಾರಾದ್ರೂ ಬಿಡಿಸಿ ಹೇಳ್ರಪ್ಪ” ಎಂದರು ಅಜ್ಜಿ.

ನಾನು ಕನ್ನಡಿಯನ್ನು ಚಿತ್ರದ ಅಂಚಿಗೆ ನಿಲ್ಲಿಸಿ ಅವರ ಕಡೆ ಓರೆ ಮಾಡಿದೆ. “ಇದರೊಳಗೆ ಕಾಣ್ತಿರೋದು ನಿಜವಾದ ಬಂಡೆ ಅಜ್ಜಿ. ಬಿರುಕಿನ ಪಕ್ಕ ನಿಂತೋನ ಸುತ್ತಿಗೆ ಈಗ ಯಾವ ಕೈಲಿದೆ?”

“ಬಲಗೈ.”

“ಆಚೆ ಮೂಲೇಲಿ, ಗಟ್ಟಿ ಮುಖಕ್ಕೆ ಹೊಡೀತಿರೋನದ್ದು?”

ಅವರು ಭೂತಗನ್ನಡಿ ಇಸಿದುಕೊಂಡು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಗಲ್ಲ ಒದ್ದೆಯಾಗಿತ್ತು.

“ಎಡಗೈ” ಅಂದರು. “ಅಪ್ಪ.”

ಮೇಷ್ಟ್ರು ಮೆಲ್ಲಗೆ ಶುರುಮಾಡಿದರು, ಕಪ್ಪುಹಲಗೆಯ ಮೇಲೆ ತಾವೇ ಬರೆದ ತಪ್ಪು ಲೆಕ್ಕ ಅಳಿಸಿ ಮತ್ತೆ ಮಾಡುವವರಂತೆ. “ನಿಂತಿದ್ದು ಆ ಮೂಲೆ. ಹೆಣ ಸಿಕ್ಕಿದ್ದು ಈ ಮುಖದ ಕೆಳಗೆ. ನಡುವೆ ನಲವತ್ತು ಹೆಜ್ಜೆ. ಕಲ್ಲು ಬಿಡೋಕೆ ಶುರುವಾದಾಗ ಎಲ್ಲರೂ ಹೊರಗೆ ಓಡ್ತಾರೆ. ಇವನು ಒಳಗೆ ಓಡಿದ್ದಾನೆ.”

ಅವರು ಎದ್ದು ಮೇಜು ಸುತ್ತಿಕೊಂಡು ಅಜ್ಜಿಯ ಹತ್ತಿರ ಬಂದರು. ಎಪ್ಪತ್ತೆಂಟು ವರ್ಷದ ಮನುಷ್ಯ ಕೈಮುಗಿದು ನಿಂತರು. “ತಪ್ಪಾಯ್ತಮ್ಮ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಮಕ್ಕಳಿಗೆ ಹೇಳಿಕೊಟ್ಟೋನು ನಾನು.”

“ನಾನು ಬದುಕಿದ್ದಾಗಲೇ ತಿಳೀತಲ್ಲ, ಅಷ್ಟು ಸಾಕು” ಅಂದರು ಅಜ್ಜಿ. ನನ್ನ ಕೈಯನ್ನೂ ಅಚ್ಚಿನಮ್ಮನ ಕೈಯನ್ನೂ ಒಟ್ಟಿಗೆ ಹಿಡಿದು ಕಣ್ಣಿಗೊತ್ತಿಕೊಂಡರು. ಈ ಕಸುಬಿನಲ್ಲಿ ನಾನು ಕಂಡುಹಿಡಿದ ನಿಜಗಳಿಗೆ ಜನ ಬೈದದ್ದೇ ಹೆಚ್ಚು.

ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ ಕೂಗಿದರು. “ಚೀಲ ಬಿಚ್ಚಯ್ಯಾ! ಎಂಟನೇ ಹೆಸರು ಕೆತ್ತು! ಬೇಡ, ತಡಿ, ಎಂಟನೇದಲ್ಲ, ಎಲ್ಲದಕ್ಕಿಂತ ಮೇಲೆ ಜಾಗ ಇದೆಯಾ ನೋಡು!”

ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಚಿತ್ರ ಸುರುಳಿ ಸುತ್ತಲು ಕೈಚಾಚಿದೆ. ಅಜ್ಜಿ ಬಿಡಲಿಲ್ಲ. ಅವರು ಮತ್ತೆ ಭೂತಗನ್ನಡಿ ಹಿಡಿದು ಬಗ್ಗಿದ್ದರು.

“ಕಣ್ಣಿನ ಆಪರೇಷನ್ ಆದ್ಮೇಲೆ ನನಗೆ ಇರುವೆ ಕಾಲೂ ಕಾಣುತ್ತೆ” ಅಂದರು. “ಅಪ್ಪನ ಎರಡೂ ಕಾಲಲ್ಲೂ ಚಪ್ಪಲಿ ಇದೆ.”

“ಇರಲಿ ಅಜ್ಜಿ, ಅದಕ್ಕೇನು?”

“ಅಪ್ಪನ್ನ ಹೊರಗೆ ತೆಗೆದಾಗ ಕೈಯಲ್ಲಿ ಒಂದು ಚಪ್ಪಲಿ ಬಿಗಿಯಾಗಿ ಹಿಡಿದಿದ್ನಂತೆ. ಅವನದೇ ಅಂತ ಅಮ್ಮ ಎತ್ತಿಟ್ಟಳು. ಅಮ್ಮನ ನಂತರ ನಾನು ಇಟ್ಟುಕೊಂಡೆ. ಇವತ್ತು ಈ ಕಲ್ಲಿನ ಬುಡದಲ್ಲಿ ಹಾಕಿಸೋಣ ಅಂತ ತಂದಿದ್ದೆ.” ಅವರ ಬೆರಳು ಕನ್ನಡಿಯಲ್ಲಿ ಬಿರುಕಿನ ಕಡೆ ಸರಿಯಿತು. “ಇವನ ಕಾಲು ನೋಡು ಮಗಾ. ಒಂದೇ ಚಪ್ಪಲಿ. ಬಲಗಾಲು ಬರಿಗಾಲು.”

ನಾನು ಮೂರು ದಿನ ಕೈ ನೋಡಿದ್ದೆ. ಕಾಲು ನೋಡಿರಲಿಲ್ಲ.

ಅಜ್ಜಿ ಮಡಿಲಿನ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ಒಣಗಿ ಮುರುಟಿದ ಚರ್ಮ, ಎಡಗಾಲಿನದು. ಹಿಮ್ಮಡಿಗೆ ತಾಮ್ರದ ಮೂರು ಮೊಳೆ, ಹಸಿರು ಕಟ್ಟಿದ್ದವು.

“ಇದು ಅವನದು. ಅಪ್ಪ ಕಾಲು ಹಿಡಿದು ಅವನನ್ನ ಎಳೆದು ಹಾಕಿದ್ದಾನೆ. ಚಪ್ಪಲಿ ಕೈಲೇ ಉಳಿದಿದೆ.”

ನಮ್ಮ ಮನೆಯ ಬಾಗಿಲ ಹಿಂದೆ ತೂಗುವ ತಾತನ ಒಂಟಿ ಚಪ್ಪಲಿ ಬಲಗಾಲಿನದು. ಅದರ ಹಿಮ್ಮಡಿಗೂ ತಾಮ್ರದ ಮೂರು ಮೊಳೆ. ಚಿಕ್ಕವನಿದ್ದಾಗ ಅವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಹೊಳಪು ಬರಿಸಿ ತಾತನಿಗೆ ತೋರಿಸಿದ್ದೆ, ಶಹಬ್ಬಾಸ್ ಅನ್ನುತ್ತಾರೆಂದು. ತಾತ ಎದ್ದು ಹಿತ್ತಿಲಿಗೆ ಹೋಗಿದ್ದರು. ಸಂಜೆಯ ತನಕ ಒಳಗೆ ಬರಲಿಲ್ಲ.

ಅಚ್ಚಿನಮ್ಮ ಮೇಜಿನ ಮೇಲಿನ ಚಪ್ಪಲಿ ನೋಡುತ್ತಿರಲಿಲ್ಲ. ನನ್ನ ಬಲಗಾಲನ್ನು ನೋಡುತ್ತಿದ್ದರು. ಅವರ ಮುಖ ಬಿಳುಚಿತ್ತು, ಆದರೆ ತುಟಿ ಬಿಚ್ಚಲಿಲ್ಲ. ಆ ಉಪಕಾರವನ್ನು ನಾನು ಮರೆಯಲಾರೆ.

ಮೇಷ್ಟ್ರು ಕನ್ನಡಕ ಮತ್ತೆ ಏರಿಸಿಕೊಂಡು ತಮ್ಮ ಪುಸ್ತಕದ ಪ್ರತಿ ತೆಗೆದರು. “ಮೂವತ್ತು ವರ್ಷ ಒಬ್ಬ ನಿರಪರಾಧಿ ಹೆಸರು ಇದರಲ್ಲಿತ್ತು. ಅದನ್ನ ಹೊಡೆದು ಹಾಕ್ತೀನಿ. ಆದ್ರೆ ಜಾಗ ಖಾಲಿ ಬಿಡೋದಿಲ್ಲ. ಸುಣ್ಣದ ಗುರುತು ದಾಟಿ ಬೆಣೆ ಹೊಡೆದೋನು ಯಾರು ಅಂತ ಎಂಟು ಮನೆಯವರಿಗೂ ಗೊತ್ತಾಗಬೇಕು. ಅರ್ಧ ನಿಜ ಬರೆದು ಇನ್ನೊಂದು ಸಲ ಪಾಪ ಕಟ್ಟಿಕೊಳ್ಳಲ್ಲ ನಾನು.”

ಅವರು ಹೇಳಿದ್ದು ಸರಿ. ಅದೇ ನನ್ನ ಕಷ್ಟ.

ಅಜ್ಜಿಗೆ ಪುಸ್ತಕ ಬೇಕಿರಲಿಲ್ಲ. ಅವರು ನನ್ನ ತೋಳು ಹಿಡಿದು ಜಗ್ಗಿದರು. “ಹೆಸರು ಯಾರಿಗೆ ಬೇಕು ಮಗಾ. ನನಗೆ ಒಂದೇ ಒಂದು ಹೇಳು. ಅವನು ಬದುಕಿದ್ನಾ? ನಮ್ಮಪ್ಪ ನಲವತ್ತು ಹೆಜ್ಜೆ ಓಡಿದ್ದು ದಂಡ ಆಯ್ತಾ, ಇಲ್ವಾ? ಅಷ್ಟು ಪತ್ತೆ ಮಾಡಿಕೊಡು, ನಾನು ನೆಮ್ಮದಿಯಾಗಿ ಕಣ್ಣು ಮುಚ್ತೀನಿ.”

ಎಂಬತ್ತೊಂದು ವರ್ಷದ ಆ ಕೈ ನನ್ನ ತೋಳಿನ ಮೇಲಿತ್ತು. ಆ ಕೈ ಆರು ವರ್ಷದ್ದಾಗಿದ್ದಾಗಲೇ ಅದರಿಂದ ಅಪ್ಪನನ್ನು ಕಿತ್ತುಕೊಂಡು ನಮ್ಮ ಮನೆತನ ಉಳಿದಿತ್ತು. ನಮ್ಮಪ್ಪ ಹುಟ್ಟಿದ್ದು, ಅಮ್ಮ ಆ ಮನೆಗೆ ಬಂದದ್ದು, ನಾನು ಮುಖ ಊದಿಸಿಕೊಂಡು ಗುಂಡಿ ಹೊಲಿದದ್ದು, ಎಲ್ಲವೂ ಎಡಚ ಕೊಟ್ಟದ್ದು. ಬೇರೆ ಏನು ಮುಚ್ಚಿಟ್ಟರೂ ಇಷ್ಟನ್ನು ಈ ಅಜ್ಜಿಯಿಂದ ಮುಚ್ಚಿಡಲು ಬಾಯಿ ಬರಲಿಲ್ಲ.

“ಬದುಕಿದ್ರು ಅಜ್ಜಿ. ಆಮೇಲೆ ನಲವತ್ತು ವರ್ಷ ಬದುಕಿದ್ರು. ಮದುವೆ ಆದ್ರು. ಮಕ್ಕಳು, ಮೊಮ್ಮಕ್ಕಳು, ಎಲ್ಲ ಕಂಡ್ರು.”

“ಸದ್ಯ!” ಅಂದರು ಅಜ್ಜಿ. ಕಣ್ಣು ಮುಚ್ಚಿ, ಕುರ್ಚಿಗೆ ಒರಗಿ, ಇನ್ನೊಂದು ಸಲ ಹೇಳಿದರು. “ಸದ್ಯ.”

ಹೊರಗೆ ಶಿಲ್ಪಿಯ ಮೊದಲ ಏಟು ಬಿತ್ತು.

ಮೇಷ್ಟ್ರು ನನ್ನನ್ನು ದಿಟ್ಟಿಸಿ ನೋಡುತ್ತಿದ್ದರು. ಲೆಕ್ಕದ ಉತ್ತರ ಮೊದಲೇ ಬರೆದು, ಮಾಡಿದ ದಾರಿ ತೋರಿಸದ ಹುಡುಗನನ್ನು ನೋಡುತ್ತಿದ್ದ ಅದೇ ನೋಟ.

“ಇಷ್ಟೆಲ್ಲ ಗೊತ್ತಿದೆ ಅಂದ್ರೆ ಹೆಸರೂ ಗೊತ್ತಿರಬೇಕಲ್ಲೋ” ಎಂದು ಪೆನ್ನಿನ ಮುಚ್ಚಳ ತೆಗೆದರು. “ಹೇಳು, ಬರ್ಕೋತೀನಿ.”

ನನಗೆ ತಾತನ ಹೆಸರನ್ನೇ ಇಟ್ಟಿದ್ದರು. ಶಾಲೆಯಲ್ಲಿದ್ದಷ್ಟು ದಿನವೂ ಪ್ರತಿ ಬೆಳಗ್ಗೆ ಹಾಜರಿ ಪುಸ್ತಕ ಬಿಚ್ಚಿ ಆ ಹೆಸರನ್ನು ಕೂಗುತ್ತಿದ್ದವರು ಈ ಮೇಷ್ಟ್ರೇ, ‘ಇದ್ದೀನಿ ಸಾರ್’ ಎಂದು ಎದ್ದು ನಿಲ್ಲುತ್ತಿದ್ದವನು ನಾನೇ.